ತತ್ಕಾಲ್ ಹೊತ್ತಿಗೇ ಸರ್ವರ್ ಕೈಕೊಡುವುದೇಕೆ? ಕಣ್ಣಿಗೆ ಕಾಣದ 'ಕ್ಯೂ' ಬಗ್ಗೆ ಇಲ್ಲಿದೆ ಮಾಹಿತಿ

ಮುಂಬೈ: ಊರಿನಿಂದ ತುರ್ತು ಕರೆ ಬಂದರೆ ವಿಲೆ ಪಾರ್ಲೆಯ ಕರಾವಳಿ ಕನ್ನಡಿಗರಿಗೆ ಮೊದಲು ನೆನಪಾಗುವುದು ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ತತ್ಕಾಲ್ ಟಿಕೆಟ್. ರೈಲು ಹೊರಡುವ ಹಿಂದಿನ ದಿನ ಎಸಿ ಬೋಗಿಗೆ ಬೆಳಗ್ಗೆ 10ಕ್ಕೆ, ನಾನ್ ಎಸಿಗೆ 11ಕ್ಕೆ ಬುಕಿಂಗ್ ಶುರು. ಇಂತಹ ದಟ್ಟಣೆಯಲ್ಲಿ ಯಾವುದೇ ವೆಬ್‌ಸೈಟ್ ನಿಧಾನವಾಗಲು ಹಲವು ಕಾರಣಗಳಿರಬಹುದು. ಹೆಚ್ಚು ಚರ್ಚೆಯಾಗದ ಒಂದು ಕಾರಣ, ಡೇಟಾಬೇಸ್ ಸರ್ವರ್‌ನ ಬಾಗಿಲಲ್ಲಿರುವ ಸರದಿ ಸಾಲು. ಇದರ ಹೆಸರು 'ಬ್ಯಾಕ್‌ಲಾಗ್'.

ಏನಿದು ಬ್ಯಾಕ್‌ಲಾಗ್?

ರೈಲು ನಿಲ್ದಾಣದ ಟಿಕೆಟ್ ಕೌಂಟರ್ ನೆನಪಿಸಿಕೊಳ್ಳಿ. ಎಷ್ಟು ಕೌಂಟರ್ ಇವೆ ಎಂಬುದು ಒಂದು ಲೆಕ್ಕ, ಸಾಲಿನಲ್ಲಿ ಎಷ್ಟು ಜನ ನಿಲ್ಲಬಹುದು ಎಂಬುದು ಇನ್ನೊಂದು ಲೆಕ್ಕ. ಮೈಎಸ್‌ಕ್ಯೂಎಲ್‌ನಲ್ಲಿ ಏಕಕಾಲದ ಸಂಪರ್ಕಗಳ ಮೂಲ ಮಿತಿ 151. ಹೊಸ ಸಂಪರ್ಕಗಳು ಒಳಗೆ ಬರುವ ಮುನ್ನ ಕಾಯುವ ಜಾಗವೇ ಬ್ಯಾಕ್‌ಲಾಗ್.

ಸಾಲು ತುಂಬಿದರೆ ಏನಾಗುತ್ತದೆ?

ಲಿನಕ್ಸ್ ಸಾಮಾನ್ಯವಾಗಿ 'ಜಾಗವಿಲ್ಲ' ಎಂದು ಹೇಳುವುದಿಲ್ಲ, ಬಂದ ಕೋರಿಕೆಯನ್ನು ಸದ್ದಿಲ್ಲದೆ ಕೈಬಿಡುತ್ತದೆ. ಕೋರಿಕೆ ಕಳಿಸಿದ ಕಂಪ್ಯೂಟರ್ ಸಾಮಾನ್ಯವಾಗಿ 1 ಸೆಕೆಂಡ್ ಕಾದು ಮತ್ತೆ ಕೇಳುತ್ತದೆ, ಆಗಲೂ ಆಗದಿದ್ದರೆ ಮತ್ತೆ ಕಾಯುತ್ತದೆ. ತತ್ಕಾಲ್‌ನಂಥ ಪೈಪೋಟಿಯಲ್ಲಿ ಈ ಕೆಲವು ಸೆಕೆಂಡ್‌ಗಳಲ್ಲಿ ಸೀಟೇ ಕೈತಪ್ಪಬಹುದು. ವಿಚಿತ್ರವೆಂದರೆ, ಆ ಹೊತ್ತಿನಲ್ಲಿ ಸರ್ವರ್‌ನ ಪ್ರೊಸೆಸರ್ ಆರಾಮವಾಗಿದ್ದರೂ ಇರಬಹುದು.

ಎಲ್ಲಿ ಸರಿಪಡಿಸಬೇಕು?

ಮಿತಿ ಎರಡು ಕಡೆ ಇರುತ್ತದೆ. ಡೇಟಾಬೇಸ್‌ನಲ್ಲಿ 'ಬ್ಯಾಕ್ ಲಾಗ್', ಲಿನಕ್ಸ್‌ನಲ್ಲಿ 'ಸೋಮ್ಯಾಕ್ಸ್‌ಕಾನ್'. ಇವೆರಡರಲ್ಲಿ ಚಿಕ್ಕದೇ ಜಾರಿಗೆ ಬರುತ್ತದೆ. ಸೋಮ್ಯಾಕ್ಸ್‌ಕಾನ್‌ನ ಮೂಲ ಮಿತಿ ಹಿಂದೆ 128 ಇತ್ತು. 2019ರ ಲಿನಕ್ಸ್ 5.4 ಆವೃತ್ತಿಯಲ್ಲಿ ಅದು 4096ಕ್ಕೆ ಏರಿತು. ಹಳೆಯ ಯಂತ್ರದಲ್ಲಿ ಡೇಟಾಬೇಸ್‌ಗೆ 1000 ಎಂದು ಬರೆದರೂ ಸಿಗುವುದು 128 ಮಾತ್ರ. ಎರಡನ್ನೂ ಬದಲಿಸಿದ ಮೇಲೆ ಡೇಟಾಬೇಸನ್ನು ರೀಸ್ಟಾರ್ಟ್ ಮಾಡಲೇಬೇಕು.

ಮಿತಿ ಹೆಚ್ಚಿಸಿದರೆ ಸಾಕೇ?

ಸಾಲದು. ಉದ್ದದ ಸಾಲು ಕ್ಷಣಿಕ ನೂಕುನುಗ್ಗಲನ್ನು ತಡೆದುಕೊಳ್ಳುತ್ತದೆ, ಆದರೆ ಕೌಂಟರ್‌ನ ವೇಗ ಹೆಚ್ಚಿಸುವುದಿಲ್ಲ. ಕೆಲಸವೇ ನಿಧಾನವಾಗಿದ್ದರೆ, ಬಳಕೆದಾರ ಕಾದು ಬೇಸತ್ತು ಹೋದ ಮೇಲೂ ಸರ್ವರ್ ಆತನ ಹಳೆಯ ಕೋರಿಕೆಯಲ್ಲೇ ಮುಳುಗಿರುತ್ತದೆ. ಹಾಗಾಗಿ ತಜ್ಞರು ಮೊದಲು ಸಾಲು ಎಷ್ಟು ಬಾರಿ ಉಕ್ಕಿದೆ ಎಂಬ ಲಿನಕ್ಸ್‌ನ ಎಣಿಕೆ ನೋಡುತ್ತಾರೆ. ದಟ್ಟಣೆಯ ವೇಳೆ ಅದು ಏರುತ್ತಿದ್ದರೆ ಮಾತ್ರ ಮಿತಿ ಹೆಚ್ಚಿಸುತ್ತಾರೆ. ಜತೆಗೆ, ಒಮ್ಮೆ ತೆರೆದ ಸಂಪರ್ಕವನ್ನೇ ಮತ್ತೆ ಮತ್ತೆ ಬಳಸುವ 'ಕನೆಕ್ಷನ್ ಪೂಲಿಂಗ್' ಅಳವಡಿಸಿದರೆ ಬಾಗಿಲಲ್ಲಿ ಸಾಲು ಬೆಳೆಯುವುದೇ ಕಡಿಮೆಯಾಗುತ್ತದೆ.