ಮೊದಲು ಕೋಣೆ, ಆಮೇಲೆ ಸ್ಪೀಕರು

ಖಾಲಿ ಕೋಣೆಯ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡಿ ‘ಟರ್ರ್’ ಎಂದು ಕಂಪಿಸುತ್ತಾ ಕರಗುತ್ತದೆ. ಸ್ಪೀಕರಿನಿಂದ ಹೊರಟ ಪ್ರತಿ ಸ್ವರಕ್ಕೂ ಆ ಕೋಣೆ ಇದನ್ನೇ ಮಾಡುತ್ತದೆ. ಸಂಗೀತ ಕೇಳುವುದಕ್ಕೆಂದೇ ಒಂದು ಕೋಣೆ ಮೀಸಲಿಡುವವರು ಹಣವನ್ನೆಲ್ಲ ಸ್ಪೀಕರು, ಆಂಪ್ಲಿಫೈಯರುಗಳಿಗೆ ಸುರಿದು ಗೋಡೆಗಳನ್ನು ಮರೆತರೆ, ಕೊಟ್ಟ ಹಣದ ಒಂದು ಪಾಲಷ್ಟೇ ಕಿವಿಗೆ ದಕ್ಕುತ್ತದೆ.

ಕೋಣೆಯ ಈ ಗುಣವನ್ನು ಮೊದಲು ಅಳೆದು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಯುವ ಭೌತವಿಜ್ಞಾನಿ ವಾಲೇಸ್ ಸೇಬೈನ್. 1895ರಲ್ಲಿ ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಹೊಸ ಉಪನ್ಯಾಸ ಕೊಠಡಿಯಲ್ಲಿ ಒಂದು ಮಾತು ಆಡಿದರೆ ಅದು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಸೇಬೈನ್ ರಾತ್ರಿ ಹೊತ್ತು ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು ಒಂದೊಂದಾಗಿ ಹಾಸುತ್ತಾ, ಆರ್ಗನ್ ಕೊಳವೆ ಊದಿಸಿ, ಸದ್ದು ಅಳಿಯುವ ಹೊತ್ತನ್ನು ಗಡಿಯಾರ ಹಿಡಿದು ಅಳೆದರು. ಹೀಗೆ ಸಿಕ್ಕ ಸೂತ್ರ ಸರಳ: ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಅನುರಣನದ ಅವಧಿ, ಅಂದರೆ ಸದ್ದು ಅಳಿಯಲು ಹಿಡಿಯುವ ಹೊತ್ತು, ಬರುತ್ತದೆ. ತೆರೆದ ಕಿಟಕಿಯಿಂದ ಹೊರಹೋದ ಸದ್ದು ಮರಳಿ ಬರುವುದಿಲ್ಲ. ಹಾಗಾಗಿ ಅವರು ತೆರೆದ ಕಿಟಕಿಯನ್ನೇ ಹೀರಿಕೆಯ ಅಳತೆಗೋಲಾಗಿ ಇಟ್ಟುಕೊಂಡರು.

ಈ ಸೂತ್ರವನ್ನು ನಮ್ಮ ಮನೆಗಳಲ್ಲಿ ಸಾಮಾನ್ಯವಾದ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಗೆ ಹಾಕಿ ನೋಡೋಣ. ಗಾತ್ರ ಸುಮಾರು 34 ಘನ ಮೀಟರ್. ನೆಲಕ್ಕೆ ಟೈಲ್ಸ್, ಗೋಡೆಗೆ ಸಿಮೆಂಟು ಗಾರೆ, ಮೇಲೆ ಆರ್‌ಸಿಸಿ. ಇವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಎರಡು ಮೂರು ಪಾಲಷ್ಟೇ ಹೀರುತ್ತವೆ. ಖಾಲಿ ಕೋಣೆಯಲ್ಲಿ ಅನುರಣನ ಮೂರು ನಾಲ್ಕು ಸೆಕೆಂಡು ಎಳೆಯುತ್ತದೆ. ಸಂಗೀತ ಕೇಳಲು ಬೇಕಾದದ್ದು 0.3ರಿಂದ 0.5 ಸೆಕೆಂಡು. 0.4ಕ್ಕೆ ಇಳಿಸಬೇಕೆಂದರೆ ಸುಮಾರು 14 ಚದರ ಮೀಟರ್ ತೆರೆದ ಕಿಟಕಿಗೆ ಸಮನಾದ ಹೀರಿಕೆ ಬೇಕು. ಹಾಸಿಗೆ, ಸೋಫಾ, ಮಡಿಕೆ ಮಡಿಕೆಯಾಗಿ ಇಳಿಬಿಟ್ಟ ದಪ್ಪ ಪರದೆ, ಜಮಖಾನ, ಕೂತವರ ಮೈ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ. ಪುಸ್ತಕ ತುಂಬಿದ ಕಪಾಟು ಸದ್ದನ್ನು ಒಂದಿಷ್ಟು ಹೀರಿ, ಉಳಿದದ್ದನ್ನು ನಾನಾ ದಿಕ್ಕಿಗೆ ಚದುರಿಸುತ್ತದೆ.

ಹೀರುವ ಸಾಮಗ್ರಿಯನ್ನು ಕಂಡಕಂಡಲ್ಲಿ ಅಂಟಿಸಬೇಕಿಲ್ಲ. ನೀವು ಕುರ್ಚಿಯಲ್ಲಿ ಕೂತು, ಇನ್ನೊಬ್ಬರಿಗೆ ಪಕ್ಕದ ಗೋಡೆಯುದ್ದಕ್ಕೂ ಒಂದು ಕನ್ನಡಿಯನ್ನು ಸರಿಸಲು ಹೇಳಿ. ಅದರಲ್ಲಿ ಸ್ಪೀಕರು ಕಂಡ ಜಾಗವೇ ಮೊದಲ ಪ್ರತಿಫಲನದ ಜಾಗ. ನೇರ ದಾರಿಗಿಂತ ಒಂದು ಮೀಟರ್ ಸುತ್ತಿ ಬಂದ ಸದ್ದು ಸುಮಾರು ಮೂರು ಮಿಲಿಸೆಕೆಂಡು ತಡವಾಗಿ ಕಿವಿ ಸೇರುತ್ತದೆ. ಅದು ಬೇರೆ ಸದ್ದಾಗಿ ಕೇಳಿಸುವುದಿಲ್ಲ. ಮೂಲದೊಡನೆ ಬೆರೆತು ಕೆಲವು ಆವೃತ್ತಿಗಳನ್ನು ಹೆಚ್ಚಿಸಿ, ಕೆಲವನ್ನು ಅಳಿಸಿ, ದನಿಯ ಬಣ್ಣ ಕೆಡಿಸುತ್ತದೆ. ಆ ಜಾಗಗಳಲ್ಲಿ ಸದ್ದು ಹೀರುವ ನಾರಿನ ದಪ್ಪ ಹಲಗೆ ತೂಗುಹಾಕಿದರೆ ಗಾಯಕರು ಎಲ್ಲಿ ಕೂತಿದ್ದಾರೆ, ಮೃದಂಗ ಎಲ್ಲಿದೆ ಎಂಬುದು ಥಟ್ಟನೆ ಸ್ಪಷ್ಟವಾಗುತ್ತದೆ.

‘ದಪ್ಪ’ ಎಂದದ್ದಕ್ಕೆ ಕಾರಣವಿದೆ. ಗಾಳಿಯ ಕಣಗಳು ನಾರಿನೊಳಗೆ ಉಜ್ಜಿ ಓಡಾಡಿದಾಗ ಸದ್ದು ಶಾಖವಾಗಿ ಸವೆಯುತ್ತದೆ. ಆದರೆ ಗೋಡೆಗೆ ಅಂಟಿದಂತೆ ಕಣಗಳು ಓಡಾಡಲಾರವು. ಅವುಗಳ ಓಟ ಗರಿಷ್ಠವಾಗುವುದು ಗೋಡೆಯಿಂದ ಕಾಲು ತರಂಗದೂರದಲ್ಲಿ. 1000 ಹರ್ಟ್ಸ್‌ಗೆ ಅದು ಎಂಟೂವರೆ ಸೆಂಟಿಮೀಟರ್. 100 ಹರ್ಟ್ಸ್‌ಗೆ 86 ಸೆಂಟಿಮೀಟರ್. ಒಂದಿಂಚಿನ ಫೋಮ್ ತನ್ನ ಪೂರ್ಣ ಬಲ ತೋರುವುದು 3400 ಹರ್ಟ್ಸ್‌ನ ಆಸುಪಾಸಿನಿಂದ ಮೇಲಕ್ಕೆ. ಮೊಟ್ಟೆ ಟ್ರೇಗಳ ಕಥೆ ಇದಕ್ಕಿಂತ ಕಳಪೆ. ಇಂಥವನ್ನು ಗೋಡೆ ತುಂಬ ಬಡಿದರೆ ತಾಳದ ಮಿಂಚು ಮಂಕಾಗಿ, ಬೇಸ್‌ನ ಗುಡುಗು ಹಾಗೇ ಉಳಿಯುತ್ತದೆ. ಪಕ್ಕದ ಮನೆಗೆ ಸದ್ದು ಹೋಗುವುದೂ ನಿಲ್ಲುವುದಿಲ್ಲ. ಅದನ್ನು ತಡೆಯಲು ಭಾರವಾದ ಗೋಡೆ, ಸಂದಿಲ್ಲದ ಬಾಗಿಲು ಬೇಕು.

ಮಂದ್ರದ ಸದ್ದಿಗೆ ಬೇರೆಯೇ ನಿಯಮ. ಜರ್ಮನ್ ಭೌತವಿಜ್ಞಾನಿ ಮಾನ್‌ಫ್ರೆಡ್ ಶ್ರೋಡರ್ ಅವರ ಸೂತ್ರದ ಪ್ರಕಾರ, ನಮ್ಮ ಕೋಣೆಯಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗೆ ಒಂದೊಂದು ಅನುನಾದ ಆವೃತ್ತಿಯೂ ಬಿಡಿಬಿಡಿಯಾಗಿ ಎದ್ದು ಕೇಳುತ್ತದೆ. ಗೋಡೆಗಳ ನಡುವಿನ ಅಂತರದಲ್ಲಿ ಅರ್ಧ ತರಂಗ ಸರಿಯಾಗಿ ಕೂತರೆ ಆ ಸ್ವರ ಅಲ್ಲೇ ಬೀಡುಬಿಡುತ್ತದೆ. 12 ಅಡಿಗೆ ಅದು 47 ಹರ್ಟ್ಸ್, 10 ಅಡಿಗೆ 56. ನಮ್ಮ ಕೋಣೆಯಲ್ಲಿ ಅಗಲವೂ ಎತ್ತರವೂ 10 ಅಡಿ. ಎರಡು ಅನುನಾದಗಳು ಒಂದರ ಮೇಲೊಂದು ಬೀಳುತ್ತವೆ. ಬೇಸ್ ಗಿಟಾರಿನ ‘ಎ’ ತಂತಿಯ ಆವೃತ್ತಿ 55 ಹರ್ಟ್ಸ್. ಸಿನಿಮಾ ಹಾಡಿನಲ್ಲಿ ಆ ಸ್ವರ ಬಂದಾಗಲೆಲ್ಲ ಗೋಡೆ ಪಕ್ಕ ಕೂತವರಿಗೆ ಅದು ಉಬ್ಬಿ ಕೇಳಿದರೆ ತಪ್ಪು ವಾದಕರದ್ದಲ್ಲ.

ಇಂಥ ಸ್ಥಿರ ತರಂಗದ ಒತ್ತಡ ಗೋಡೆಯ ಬಳಿ ಹೆಚ್ಚು, ನಟ್ಟನಡುವೆ ಬಹುತೇಕ ಸೊನ್ನೆ. ಉದ್ದದ ಸರಿಮಧ್ಯದಲ್ಲಿ ಕೂತರೆ 47 ಹರ್ಟ್ಸ್ ಮಾಯ. ಹಿಂದಿನ ಗೋಡೆಗೆ ಒರಗಿ ಕೂತರೆ ಅದೇ ಅತಿಯಾಗುತ್ತದೆ. ಉದ್ದದ ಶೇ 38ರಷ್ಟು ದೂರದಲ್ಲಿ, ಅಂದರೆ ಗೋಡೆಯಿಂದ ಸುಮಾರು ನಾಲ್ಕೂವರೆ ಅಡಿಯಲ್ಲಿ, ಕುರ್ಚಿ ಹಾಕಿ ಶುರುಮಾಡುವುದು ಹವ್ಯಾಸಿಗಳ ರೂಢಿ. ಅಲ್ಲಿಂದ ಅರ್ಧರ್ಧ ಅಡಿ ಹಿಂದೆ ಮುಂದೆ ಸರಿಸಿ ಕೇಳಬೇಕು. ಸಬ್‌ವೂಫರಿಗೆ ಜಾಗ ಹುಡುಕಲು ಇನ್ನೊಂದು ಉಪಾಯವಿದೆ: ಅದನ್ನು ಕುರ್ಚಿಯ ಮೇಲಿಟ್ಟು ಹಾಡು ಹಾಕಿ, ನೀವು ನೆಲದ ಮೇಲೆ ಅಂಬೆಗಾಲಿಟ್ಟು ಸುತ್ತಾಡಿ. ಬೇಸ್ ಎಲ್ಲಿ ಹದವಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಸದ್ದಿನ ಮೂಲವೂ ಕಿವಿಯೂ ಜಾಗ ಅದಲುಬದಲು ಮಾಡಿಕೊಂಡರೆ ಫಲಿತಾಂಶ ಬದಲಾಗದೆಂಬ ತತ್ತ್ವವನ್ನು ಲಾರ್ಡ್ ರೇಲಿ 19ನೇ ಶತಮಾನದಲ್ಲೇ ವಿವರಿಸಿದ್ದರು. ಇಷ್ಟಾದರೂ ಗುಂಯ್‌ಗುಟ್ಟಿದರೆ, ಬಟ್ಟೆ ಹೊದಿಸಿದ ನಾಲ್ಕಾರು ಇಂಚು ದಪ್ಪದ ರಾಕ್‌ವೂಲ್ ಹಲಗೆಗಳನ್ನು ಮೂಲೆಗೆ ಅಡ್ಡಲಾಗಿ ನಿಲ್ಲಿಸಬೇಕು. ಹಿಂದಿನ ಗಾಳಿಯ ಸಂದು ಅವುಗಳ ಬಲ ಹೆಚ್ಚಿಸುತ್ತದೆ.

ಆ್ಯಪ್, ಈಕ್ವಲೈಜರುಗಳ ಸರದಿ ಕೊನೆಗೆ. ಉಬ್ಬಿದ ಸ್ವರವನ್ನು ಅವು ತಗ್ಗಿಸಬಲ್ಲವು. ಅಳಿದ ಸ್ವರವನ್ನು ಮರಳಿಸಲಾರವು. ನೇರ ಸದ್ದನ್ನು ಎಷ್ಟು ಏರಿಸಿದರೂ ಅದನ್ನು ಅಳಿಸುವ ಪ್ರತಿಫಲನವೂ ಅಷ್ಟೇ ಏರುತ್ತದೆ, ಆಂಪ್ಲಿಫೈಯರು ವೃಥಾ ಬಿಸಿಯಾಗುತ್ತದೆ. ಹಾಗಾಗಿ ಮೊದಲು ಕುರ್ಚಿ ಮತ್ತು ಸ್ಪೀಕರಿನ ಜಾಗ, ಇದಕ್ಕೆ ಕಾಸು ಖರ್ಚಿಲ್ಲ. ಆಮೇಲೆ ಮನೆಯಲ್ಲೇ ಇರುವ ಪರದೆ, ಜಮಖಾನ. ಆಮೇಲೆ ದಪ್ಪ ಹಲಗೆ. ಹೊಸ ಸ್ಪೀಕರು ಬೇಕೋ ಬೇಡವೋ ಎಂಬ ತೀರ್ಮಾನ ಇಷ್ಟೆಲ್ಲ ಮುಗಿದ ಮೇಲಿರಲಿ. ಅಷ್ಟು ಹೊತ್ತಿಗೆ ಹಳೆಯ ಸ್ಪೀಕರಿನ ನಿಜವಾದ ದನಿ ಎಂಥದ್ದೆಂದು ನಿಮಗೆ ಮೊದಲ ಬಾರಿ ಗೊತ್ತಾಗಿರುತ್ತದೆ.