ಸಿಡಿಲು ಹುಟ್ಟುವ ಬಗೆಯೂ ಜನ-ದನಗಳ ರಕ್ಷಣೆಯೂ

ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಿಂಚುಗಳು ವಿಶೇಷವಾಗಿರುವುವು. ಉಳುಮೆಯು ಮೊದಲಾಗುವುದೂ ಈ ಕಾಲದಲ್ಲಿಯೇ ಆದುದರಿಂದ, ಬಯಲಿನಲ್ಲಿರುವ ಆಳುಕಾಳುಗಳೂ ಎತ್ತುಗಳೂ ಸಿಡಿಲಿಗೆ ಗುರಿಯಾಗುವ ಸಂಭವವು ಹೆಚ್ಚು. ಭಾರತದಲ್ಲಿ ವರ್ಷಂಪ್ರತಿ 2,000ಕ್ಕೂ ಮಿಕ್ಕು ಮಂದಿ ಸಿಡಿಲಿನಿಂದ ಮೃತರಾಗುತ್ತಿದ್ದಾರೆ. ಆದಕಾರಣ ಇದರ ಸ್ವರೂಪವನ್ನು ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ತಿಳಿದಿರುವುದು ಅವಶ್ಯಕ.

ಕಾದ ನೆಲದ ಮೇಲಿನ ತೇವದ ಗಾಳಿಯು ವೇಗವಾಗಿ ಮೇಲಕ್ಕೇರಿ, ಹತ್ತು ಕಿಲೋಮೀಟರಿಗೂ ಎತ್ತರವಾದ ಕಾರ್ಮೋಡವಾಗಿ ಬೆಳೆಯುವುದುಂಟು. ಅದರೊಳಗೆ ಹಿಮದ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಗುವುದರಿಂದ ವಿದ್ಯುತ್ತು ಬೇರ್ಪಡುವುದು. ಹಗುರವಾದ ಹರಳುಗಳು ಧನವಿದ್ಯುತ್ತನ್ನು ಹೊತ್ತು ಮೇಲೇರುವುವು. ಭಾರವಾದ ಕಲ್ಲುಗಳು ಋಣವಿದ್ಯುತ್ತಿನೊಡನೆ ಕೆಳಗುಳಿಯುವುವು. ಇದಕ್ಕೆದುರಾಗಿ ನೆಲದ ಮೇಲೆ ಧನವಿದ್ಯುತ್ತು ಕೂಡುವುದು. ಗಾಳಿಯು ವಿದ್ಯುತ್ತಿಗೆ ತಡೆಯಾದರೂ, ಒತ್ತಡವು ಮಿತಿಮೀರಿದಾಗ ಆ ತಡೆಯು ಮುರಿಯುವುದು. ಬಹುಪಾಲು ಮಿಂಚುಗಳು ಮೋಡದೊಳಗೆ ಅಥವಾ ಮೋಡದಿಂದ ಮೋಡಕ್ಕೆ ಹರಿದು ಮುಗಿಯುವುವು. ನೆಲವನ್ನು ಮುಟ್ಟುವುದೇ ಸಿಡಿಲು.

ಸಿಡಿಲು ಒಮ್ಮೆಗೇ ಬೀಳತಕ್ಕದ್ದಲ್ಲ. ಮೊದಲು ಮೋಡದಿಂದ ಮಂದವಾದ ಕವಲುಧಾರೆಯೊಂದು ಸುಮಾರು 50 ಮೀಟರಿನ ಮೆಟ್ಟಿಲುಗಳಾಗಿ ಇಳಿಯುವುದು. ಅದು ನೆಲವನ್ನು ಸಮೀಪಿಸಿದಾಗ ಮರ, ಗೋಪುರ, ಬಯಲಿನಲ್ಲಿ ನಿಂತ ಮನುಷ್ಯ ಮುಂತಾದ ಎತ್ತರದ ನೆಲೆಗಳಿಂದ ಕಿಡಿಗಳು ಮೇಲಕ್ಕೇಳುವುವು. ಇವೆರಡೂ ಕೂಡಿದೊಡನೆ ದಾರಿಯು ಪೂರ್ಣವಾಗಿ, ಕಣ್ಣು ಕೋರೈಸುವ ಬೆಳಕು ನೆಲದ ಕಡೆಯಿಂದ ಮೇಲಕ್ಕೆ ಧಾವಿಸುವುದು. ಆ ದಾರಿಯ ಗಾಳಿಯು ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಥಟ್ಟನೆ ಹಿಗ್ಗುವ ಶಬ್ದವೇ ಗುಡುಗು.

ಮರಕ್ಕೆ ಬಡಿದ ವಿದ್ಯುತ್ತು ಬುಡದಿಂದ ಸುತ್ತಲಿನ ನೆಲಕ್ಕೆ ಹರಡುವುದು. ದನಗಳ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರವು ಹೆಚ್ಚಾದುದರಿಂದ, ವಿದ್ಯುತ್ತು ಒಂದರಿಂದ ಹೊಕ್ಕು ಒಡಲಿನ ಮೂಲಕ ಇನ್ನೊಂದಕ್ಕೆ ಹಾಯುವುದು. ಒಂದೇ ಮರದಡಿಯಲ್ಲಿ ಕಟ್ಟಿದ ದನಗಳು ಒಟ್ಟಿಗೆ ಸಾಯುವುದಕ್ಕೆ ಇದೇ ಕಾರಣ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಷ್ಟು ದೂರ. ಮೂವತ್ತರೊಳಗೆ ಗುಡುಗು ಕೇಳಿದರೆ ಆರು ಕಟ್ಟಿರುವವರು ನೇಗಿಲನ್ನು ಬಿಟ್ಟು ಕೂಡಲೆ ಭದ್ರವಾದ ಕಟ್ಟಡವನ್ನು ಸೇರತಕ್ಕದ್ದು. ಹೊಲದ ಗುಡಿಸಲು, ಒಂಟಿಮರ, ತಂತಿಬೇಲಿ ಇವುಗಳ ಆಶ್ರಯವು ಕೂಡದು. ಸಿಡಿಲಿಗಂಜಿ ಅರ್ಜುನನ ನಾಮಗಳನ್ನು ಹೇಳುವ ವಾಡಿಕೆಯುಂಟು. ಅದನ್ನು ಮನೆಯೊಳಗೆ ನಿಂತು ಹೇಳುವುದು ಲೇಸು. ಕಡೆಯ ಗುಡುಗಿನ ಮೇಲೆ 30 ನಿಮಿಷ ಕಳೆಯದೆ ಹೊರಡಬಾರದು. ಒಂದು ಗಳಿಗೆಯ ಕೆಲಸಕ್ಕಾಗಿ ಆಳನ್ನು ಬಯಲಿನಲ್ಲಿ ನಿಲ್ಲಿಸಿಕೊಳ್ಳುವುದು ಯಜಮಾನನಿಗೆ ಉಚಿತವಲ್ಲ.

ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಲು ಹೆದರಬೇಕಾದುದಿಲ್ಲ. ಉಸಿರೂ ನಾಡಿಯೂ ನಿಂತಿದ್ದರೆ ಎದೆಯನ್ನು ಬಲವಾಗಿ ಒತ್ತುತ್ತ, ಬಾಯಿಂದ ಉಸಿರು ಕೊಡುತ್ತ, ಆಸ್ಪತ್ರೆಗೆ ಸಾಗಿಸತಕ್ಕದ್ದು. ಸತ್ತನೆಂದು ಕೈಬಿಟ್ಟವನು ಇದರಿಂದ ಬದುಕುವುದುಂಟು. ಈ ಸಂಗತಿಯನ್ನು ಮುಖ್ಯಸ್ಥರು ಮುಂಗಾರಿಗೆ ಮೊದಲೇ ಊರವರಿಗೆಲ್ಲ ತಿಳಿಯಪಡಿಸುವುದು ಉತ್ತಮ.