ಮೂಳೆ ಉಳಿಸದ ಮಣ್ಣಿನಲ್ಲಿ ಜೀವದ ಚರಿತ್ರೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಎಷ್ಟು ಆಳದ ಬಾವಿ ತೋಡಿದರೂ ಡೈನೋಸಾರ್ ಮೂಳೆ ಸಿಗುವುದಿಲ್ಲ. ಇಲ್ಲಿನ ತಳದ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಚಿಪ್ಪು, ಕವಚಗಳಂಥ ಗಟ್ಟಿ ಭಾಗವುಳ್ಳ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡದ್ದು ಸುಮಾರು 54 ಕೋಟಿ ವರ್ಷಗಳ ಹಿಂದೆ, ಮೂಳೆ ಇನ್ನೂ ತಡ. ಹಾಗಾದರೆ ಆಮೇಲೆ ಇಲ್ಲೇ ಹುಟ್ಟಿ ಸತ್ತ ಪ್ರಾಣಿಗಳದ್ದೇನಾಯಿತು?

ಮೂಳೆ ಕಲ್ಲಾಗಬೇಕಾದರೆ ಸತ್ತ ಪ್ರಾಣಿ ಕೊಳೆತು ಚೆದುರುವ ಮೊದಲೇ ನುಣ್ಣನೆಯ ಕೆಸರಿನಲ್ಲಿ ಹೂತುಹೋಗಬೇಕು, ಗಾಳಿ ತಾಗಬಾರದು, ಮೇಲೆ ಪದರ ಪದರವಾಗಿ ಹೂಳು ಕೂರುತ್ತ ಹೋಗಬೇಕು. ಆಗ ನೀರಿನಲ್ಲಿ ಕರಗಿದ ಖನಿಜಗಳು ಮೂಳೆಯೊಳಗೆ ನಿಧಾನಕ್ಕೆ ಸೇರಿಕೊಳ್ಳುತ್ತವೆ. ಮಲೆನಾಡಿನಲ್ಲಿ ಆಗುವುದು ಇದರ ತದ್ವಿರುದ್ಧ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ನೀರು ಮಣ್ಣಿನ ಸುಣ್ಣವನ್ನೆಲ್ಲ ತೊಳೆದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶವನ್ನು ಮಾತ್ರ ಬಿಟ್ಟು, ಜಂಬಿಟ್ಟಿಗೆ ಕಲ್ಲನ್ನು ಮಾಡುತ್ತದೆ. ಹುಳಿಯಾದ ಈ ಮಣ್ಣಿನಲ್ಲಿ ಮೂಳೆ ಕರಗುತ್ತದೆ. ಉಳಿದದ್ದನ್ನು ಇಳಿಜಾರು ಹೊಳೆಗೆ ಕೊಡುತ್ತದೆ, ಹೊಳೆ ಕಡಲಿಗೆ.

ಕಲ್ಲು ಸೀಳಿದಾಗ ಒಳಗೆ ಜರಿಗಿಡದ ಎಲೆಯಂಥ ಕಪ್ಪು ಚಿತ್ತಾರ ಕಂಡರೆ ಅದನ್ನು ಪಳೆಯುಳಿಕೆ ಎಂದು ಎತ್ತಿಡುವವರಿದ್ದಾರೆ. ಸಾಮಾನ್ಯವಾಗಿ ಅದು ಬಿರುಕಿನೊಳಗೆ ಹರಿದ ನೀರು ಬಿಟ್ಟುಹೋದ ಮ್ಯಾಂಗನೀಸ್. ಎಲೆಯಾದರೆ ನಡುನರ, ತೊಟ್ಟು, ಒಂದು ಅಂಚು ಇರುತ್ತದೆ. ಮ್ಯಾಂಗನೀಸ್ ಚಿತ್ತಾರ ಬಿರುಕಿನ ಮೈಯುದ್ದಕ್ಕೂ ಕವಲೊಡೆಯುತ್ತ ಹೋಗುತ್ತದೆ.

ನಿಜವಾದ ಪಳೆಯುಳಿಕೆ ಬೇಕೆಂದರೆ ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯ ಕುಂಸಿಯನ್ನು ನೆನೆಯಬೇಕು. ಅಲ್ಲಿನ ಸುಣ್ಣಕಲ್ಲಿನಲ್ಲಿ ಭೂವಿಜ್ಞಾನಿಗಳು ಸ್ಟ್ರೊಮ್ಯಾಟೊಲೈಟ್‌ಗಳನ್ನು ಗುರುತಿಸಿದ್ದಾರೆ. ಆಳವಿಲ್ಲದ ಕಡಲಿನ ತಳದಲ್ಲಿ ಸೂಕ್ಷ್ಮಜೀವಿಗಳ ಲೋಳೆಪದರ ಹರಡಿಕೊಳ್ಳುತ್ತದೆ, ಅದಕ್ಕೆ ಸುಣ್ಣದ ಕಣಗಳು ಅಂಟುತ್ತವೆ, ಜೀವಿಗಳು ಬೆಳಕಿಗಾಗಿ ಮೇಲೇರಿ ಮತ್ತೊಂದು ಪದರ ಕಟ್ಟುತ್ತವೆ. ಅಡ್ಡ ಕತ್ತರಿಸಿದ ಈರುಳ್ಳಿಯ ಸುತ್ತುಗಳಂತೆ ಕಾಣುವ ಆ ಗೆರೆಗಳು ಸುಮಾರು 260 ಕೋಟಿ ವರ್ಷ ಹಳೆಯವು. ಇಂಥ ಜೀವಿಗಳ ಒಂದು ಗುಂಪೇ ಗಾಳಿಗೆ ಆಮ್ಲಜನಕ ತುಂಬಿಸಿದ್ದು. ನಾವೆಲ್ಲ ಉಸಿರಾಡುತ್ತಿರುವುದು ಅವುಗಳಿಂದ ಶುರುವಾದ ಗಾಳಿಯನ್ನು.

ಕುಂಸಿಯ ಕಲ್ಲಿಗೂ ಇವತ್ತಿನ ಕಾಡಿಗೂ ನಡುವಿನ ಪುಟಗಳನ್ನು ಬದುಕಿರುವ ಜೀವಿಗಳಲ್ಲೇ ಓದಬೇಕು. ಜೋಗದಾಚೆ ಹೊನ್ನಾವರ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿದೆ. ಅಲ್ಲಿ ಸದಾ ನೀರು ಜಿನುಗುವ ಕಣಿವೆಗಳಲ್ಲಿ ರಾಮಪತ್ರೆಯ ಬಳಗದ ಮರಗಳು ಬಿಳಲುಬೇರು ಊರಿಕೊಂಡು, ಮಂಡಿಯಂತೆ ಬಾಗಿದ ಉಸಿರುಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತಿವೆ. ಅಲ್ಲೇ ಕುಂಬಾರ ಕಪ್ಪೆಯೂ ಇದೆ. ಗಂಡು ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಬಳಿಯುತ್ತದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಇದನ್ನು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿದರು. ಇದರ ಕುಟುಂಬ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ.

ಇಂಥ ಕುಟುಂಬದ ವಯಸ್ಸನ್ನು ಮೂಳೆ ಇಲ್ಲದೆ ಅಳೆಯುವುದು ಹೀಗೆ. ಪೀಳಿಗೆಯಿಂದ ಪೀಳಿಗೆಗೆ ಡಿಎನ್‌ಎಯಲ್ಲಿ ಸಣ್ಣ ಬದಲಾವಣೆಗಳು ಸೇರುತ್ತ ಹೋಗುತ್ತವೆ. ಎರಡು ಜೀವಿಗಳ ಡಿಎನ್‌ಎ ಹೋಲಿಸಿದರೆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ, ಎಷ್ಟು ವರ್ಷದಲ್ಲಿ ಆಯಿತೆಂದು ತಿಳಿಯುವುದಿಲ್ಲ. ವರ್ಷದ ಲೆಕ್ಕಕ್ಕೆ ಬೇರೆ ಊರಿನ ಕಲ್ಲಿನಲ್ಲಿ ಸಿಕ್ಕ, ವಯಸ್ಸು ಗೊತ್ತಿರುವ ಪಳೆಯುಳಿಕೆ ಬೇಕು. ರಾಮಪತ್ರೆಯ ಬಳಗಕ್ಕೆ ಇಂಗ್ಲೆಂಡಿನ ಲಂಡನ್ ಜೇಡಿಪದರದಲ್ಲಿ ಸಿಕ್ಕ ಸುಮಾರು ಐದು ಕೋಟಿ ವರ್ಷ ಹಿಂದಿನ ಬೀಜ ಅಂಥದೊಂದು ಆಧಾರ. ಬದಲಾವಣೆಯ ವೇಗ ಎಲ್ಲ ಜೀವಿಗಳಲ್ಲೂ ಒಂದೇ ಅಲ್ಲ, ಆದ್ದರಿಂದ ಉತ್ತರ ಬರುವುದು ಒಂದು ಅಂಕಿಯಾಗಿ ಅಲ್ಲ, ಇಷ್ಟರಿಂದ ಇಷ್ಟರವರೆಗೆ ಎಂದು. ಕುಂಬಾರ ಕಪ್ಪೆಯ ಕುಟುಂಬಕ್ಕೆ ಆ ಲೆಕ್ಕ ಡೈನೋಸಾರ್ ಯುಗದ ಕೊನೆಯ ಭಾಗದವರೆಗೂ ಹೋಗುತ್ತದೆ. ಆಗ ಭಾರತ ಏಷ್ಯಾವನ್ನು ಇನ್ನೂ ಸೇರಿರಲಿಲ್ಲ. ಇವತ್ತಿನ ಕಪ್ಪೆ ಅಂದಿನದ್ದೇ ಕಪ್ಪೆ ಎಂದು ಇದರರ್ಥವಲ್ಲ. ವಂಶ ಹಳೆಯದು, ಕೆಸರು ಬಳಿಯುವಂಥ ನಡತೆ ನಡುವೆ ಎಂದೋ ಬೆಳೆದದ್ದು.

ಕಲ್ಲು ದಾಖಲೆ ಇಡದ ಕಡೆ ಜೀವಿ ಹೋದರೆ ದಾಖಲೆಯೂ ಹೋಗುತ್ತದೆ. ಈ ಮಾತಿಗೆ ಸಾಗರ ತಾಲ್ಲೂಕಿನದ್ದೇ ಸಾಕ್ಷಿಯಿದೆ. 1919ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬಿಬ್ಬರು ಜೋಗದ ಜಲಪಾತದ ತುಂತುರು ಬೀಳುವ ಜಾಗದಲ್ಲಿ ಒಂದು ಸಣ್ಣ ಹುಲ್ಲನ್ನು ಕಿತ್ತು ಒಣಗಿಸಿಟ್ಟರು. ಮೂರು ದಶಕಗಳ ಬಳಿಕ ಬೋರ್ ಎಂಬ ಸಸ್ಯವಿಜ್ಞಾನಿ ಆ ಒಣ ಗಿಡವನ್ನು ನೋಡಿ ಇದು ಹೊಸ ಪ್ರಭೇದವಷ್ಟೇ ಅಲ್ಲ, ಹೊಸ ಕುಲವೇ ಎಂದು ಕಂಡುಕೊಂಡು ಹಬಾರ್ಡಿಯಾ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟರು. ಅಷ್ಟರಲ್ಲಿ ಶರಾವತಿಯ ನೀರು ವಿದ್ಯುತ್ತಿಗೆ ತಿರುಗಿತ್ತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೂ ಬಂತು. ವರ್ಷವಿಡೀ ಬೀಳುತ್ತಿದ್ದ ತುಂತುರು ಮಳೆಗಾಲದ ಮಾತಾಯಿತು. ಹುಡುಕಿದವರಿಗೆ ಹುಲ್ಲು ಸಿಗದೆ, ಅಳಿದುಹೋಯಿತೆಂದೇ ಎಣಿಸಲಾಯಿತು. 2000ದ ದಶಕದ ಆರಂಭದಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ ಅದೇ ಹುಲ್ಲನ್ನು ಕಂಡರು. ಅಲ್ಲಿ ಕಂಡದ್ದು ಜೋಗದ ಹುಲ್ಲೇ ಎಂದು ಹೇಳಲು ಸಾಧ್ಯವಾದದ್ದು 1919ರ ಆ ಒಣ ಗಿಡ ಉಳಿದಿದ್ದರಿಂದ.

ಹಾಗೆ ಗಿಡ ಉಳಿಸುವ ಕೆಲಸ ಕಷ್ಟದ್ದಲ್ಲ. ಹೂವೋ ಕಾಯೋ ಇರುವ ಒಂದು ರೆಂಬೆಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಹರಡಿ ಭಾರ ಹೇರಬೇಕು. ಮಳೆಗಾಲದಲ್ಲಿ ಹಾಳೆಯನ್ನು ದಿನವೂ ಬದಲಿಸದಿದ್ದರೆ ಬೂಸಲು ಹಿಡಿಯುತ್ತದೆ. ಜಾಗದ ಹೆಸರು, ತಾರೀಕು, ಬಂಡೆಯೋ ಕೆಸರೋ, ನೀರು ವರ್ಷವಿಡೀ ಇರುತ್ತದೋ ಇಲ್ಲವೋ, ಹೂವಿನ ಬಣ್ಣ ಇಷ್ಟನ್ನು ಜೊತೆಗೆ ಬರೆದಿಡಬೇಕು. ಒಣಗಿದ ಮೇಲೆ ಬಣ್ಣ ಹೋಗುತ್ತದೆ, ಚೀಟಿಯಿಲ್ಲದ ಗಿಡ ವಿಜ್ಞಾನಕ್ಕೆ ಬಹುಪಾಲು ಮೂಕ. ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ, ಅಲ್ಲಿ ಚಿತ್ರವೂ ಟಿಪ್ಪಣಿಯೂ ಸಾಕು. ಗುಂಪಿನಲ್ಲಿ ಒಂದೆರಡೇ ಗಿಡ ಕಂಡರೆ ಎಲ್ಲೇ ಆದರೂ ಕೀಳದೆ ಚಿತ್ರವನ್ನಷ್ಟೇ ತೆಗೆದು, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಿದರೆ ಮುಂದಿನದನ್ನು ಅವರು ನೋಡಿಕೊಳ್ಳುತ್ತಾರೆ.